ತಂಗಿಯ ಮಗನಿಗೆ ಆ ವಂಶದಲ್ಲಿ ಜಾಗವಿಲ್ಲ

ನಮಸ್ಕಾರ. ನಿಮ್ಮ ‘ದತ್ತು’ ಕಥೆ ಓದಿದೆವು. ಭಾಷೆ ಹದವಾಗಿದೆ, ತಾಯಿ ಮಗನನ್ನು ಕಳಿಸಿಕೊಡುವ ಭಾಗ ಮನಸ್ಸಿಗೆ ನಾಟುತ್ತದೆ. ಆದರೂ ಹೀಗೇ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕಥೆಯಲ್ಲಿ ಚೀನಾದ ತಾಂಗ್ ಅರಸರ ಕಾಲದ (618–907) ಜಿಲ್ಲಾಧಿಕಾರಿ ಗಂಡುಮಕ್ಕಳಿಲ್ಲದೆ ತಂಗಿಯ ಮಗನನ್ನು ದತ್ತು ಪಡೆಯುತ್ತಾನೆ, ಮುಂದೆ ಆ ಹುಡುಗ ಅದೇ ಹುದ್ದೆಗೆ ಏರುತ್ತಾನೆ. ಎರಡೂ ಅಲ್ಲಿ ನಡೆಯುವಂಥವಲ್ಲ.

ಅಳಿಯಸಂತಾನ ಕಂಡ ನಾಡಿನವರಾದ ನಮಗೆ ಸೋದರಳಿಯ ವಾರಸುದಾರನಾಗುವುದು ವಿಚಿತ್ರ ಅನ್ನಿಸದು. ಚೀನಾದಲ್ಲಿ ಅವನ ಮನೆತನದ ಹೆಸರೇ ಬೇರೆ. ಅವನಿಟ್ಟ ಎಡೆ ಮಾವನ ಹಿರಿಯರಿಗೆ ಮುಟ್ಟುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. 653ರ ತಾಂಗ್ ಕಾನೂನು ಸಂಹಿತೆಯ ಪ್ರಕಾರ ಬೇರೆ ಮನೆತನದ ಗಂಡುಮಗುವನ್ನು ದತ್ತು ಪಡೆದವನಿಗೆ ಒಂದು ವರ್ಷದ ದುಡಿತದ ಶಿಕ್ಷೆ, ಕೊಟ್ಟವನಿಗೆ 50 ಛಡಿಯೇಟು. ಹೆತ್ತವರು ತೊರೆದ, ಮೂರು ವರ್ಷ ಮೀರದ ಕೂಸಿಗೆ ಮಾತ್ರ ವಿನಾಯಿತಿ. ಕಾನೂನು ಮೀರಿದವರು ಇದ್ದೇ ಇದ್ದರು. ಆದರೆ ಮೀರುತ್ತಿರುವವನು ನ್ಯಾಯ ಹೇಳುವ ಅಧಿಕಾರಿ; ಆ ಅಳುಕು ನಿಮ್ಮ ಕಥೆಯಲ್ಲಿ ಒಂದು ಸಾಲಿನಲ್ಲೂ ಇಲ್ಲ.

ಹಾಗಾದರೆ ಯಾರನ್ನು ತರಬೇಕು? ಅಣ್ಣತಮ್ಮಂದಿರ ಮಗನನ್ನು, ಇಲ್ಲವೇ ದಾಯಾದಿಯ ಮಗನನ್ನು. ದತ್ತು ಪಡೆಯುವವನಿಗಿಂತ ಸರಿಯಾಗಿ ಒಂದು ತಲೆಮಾರು ಕೆಳಗಿನವನೇ ಆಗಬೇಕು. ವಯಸ್ಸಿನಲ್ಲಿ ಎಷ್ಟೇ ಚಿಕ್ಕವನಾದರೂ ದಾಯಾದಿ ತಮ್ಮನನ್ನು ಮಗನೆನ್ನುವಂತಿಲ್ಲ. ಅಣ್ಣನ ಮೊಮ್ಮಗನನ್ನೂ ಅಷ್ಟೇ. ಬರೆಯಲು ಕೂರುವ ಮೊದಲು ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಗೆರೆಗೊಂದು ತಲೆಮಾರಿನಂತೆ, ಹುಟ್ಟಿದ ಕ್ರಮದಲ್ಲಿ ಹೆಸರು ಬರೆದುಕೊಳ್ಳಿ. ಯಾರು ಆಗಬಹುದು, ಯಾರು ಆಗಲಾರರು ಅನ್ನುವುದು ಅಲ್ಲೇ ಕಾಣುತ್ತದೆ.

ಈ ಕ್ರಮದಿಂದಲೇ ಎಂಥ ಕಥೆ ಹುಟ್ಟಬಲ್ಲದು ಎಂಬುದಕ್ಕೆ ಝುಗೆ ಲಿಯಾಂಗನ ಮನೆ ನೋಡಿ. ಮೂರನೇ ಶತಮಾನದ ಷು ರಾಜ್ಯದ ಮಹಾಮಂತ್ರಿ. ಮಗನಿರಲಿಲ್ಲ. ಅಣ್ಣ ಝುಗೆ ಜಿನ್ ಇದ್ದದ್ದು ಬೇರೆಯೇ ರಾಜ್ಯವಾದ ವೂದಲ್ಲಿ. ತನ್ನ ದೊರೆ ಸುನ್ ಚುವಾನನ ಅಪ್ಪಣೆ ಪಡೆದು ಎರಡನೇ ಮಗ ಚಿಯಾವ್‌ನನ್ನು ತಮ್ಮನಿಗೆ ಕಳಿಸಿಕೊಟ್ಟ. ಹುಡುಗನ ಪ್ರೌಢನಾಮ, ಅಂದರೆ ಪ್ರಾಯಕ್ಕೆ ಬಂದ ಮೇಲೆ ಇಡುವ ಹೆಸರು, ಝೊಂಗ್‌ಷೆನ್. ‘ಝೊಂಗ್’ ಎಂದರೆ ಎರಡನೆಯವನು. ಲಿಯಾಂಗನ ಮನೆಗೆ ಬಂದವನು ಹಿರಿಮಗನಾದ. ಹಾಗಾಗಿ ಹೆಸರೂ ಬೊಸುಂಗ್ ಆಯಿತು, ‘ಬೊ’ ಎಂದರೆ ಹಿರಿಯ. ಮುದ್ದಿನ ಮಗನಾಗಿಯೂ ಉಳಿಯಲಿಲ್ಲ. ಉಳಿದ ಸೇನಾಪತಿಗಳ ಮಕ್ಕಳೆಲ್ಲ ಸರಕು ಸಾಗಿಸುತ್ತಿದ್ದಾರೆ, ಇವನೂ ಅವರ ಕಷ್ಟಸುಖದಲ್ಲಿ ಪಾಲುಗೊಳ್ಳಬೇಕು ಎಂದು ಲಿಯಾಂಗ್ ಅಣ್ಣನಿಗೇ ಪತ್ರ ಬರೆದು, ಐದಾರು ನೂರು ಸೈನಿಕರ ಹೊಣೆ ಹೊರಿಸಿ ಅವನನ್ನು ಕಣಿವೆಗಳಿಗೆ ಅಟ್ಟಿದ. ಹೆತ್ತ ತಂದೆ ಆ ಪತ್ರ ಓದುವ ಗಳಿಗೆಯನ್ನು ನೀವು ಬರೆಯಬಲ್ಲಿರಿ.

ಚಿಯಾವ್ 25ನೇ ವಯಸ್ಸಿಗೆ ತೀರಿಕೊಂಡ. 227ರಲ್ಲಿ ಲಿಯಾಂಗನಿಗೆ ಸ್ವಂತ ಮಗನೂ ಹುಟ್ಟಿದ್ದ. 253ರಲ್ಲಿ ವೂದಲ್ಲಿ ಜಿನ್‌ನ ಹಿರಿಮಗನನ್ನು ಕೊಂದು ಆ ಮನೆಯನ್ನೇ ನಿರ್ನಾಮ ಮಾಡಿದಾಗ, ಚಿಯಾವ್‌ನ ಮಗ ಪಾನ್ ಮರಳಿ ಅಜ್ಜ ಜಿನ್‌ನ ವಂಶಕ್ಕೆ ಸೇರಿಕೊಂಡ. ತಾಂಗ್ ಸಂಹಿತೆಯಲ್ಲೂ ಇಂಥ ದಾರಿಯಿದೆ: ಸಾಕಿದವರಿಗೆ ಸ್ವಂತ ಮಗ ಹುಟ್ಟಿದರೆ, ಅಥವಾ ಹೆತ್ತವರಿಗೆ ಬೇರೆ ಮಗನಿಲ್ಲದಿದ್ದರೆ ದತ್ತುಮಗ ಹಿಂದಿರುಗಬಹುದು. ಕಾರಣವಿಲ್ಲದೆ ಬಿಟ್ಟುಹೋದರೆ ಎರಡು ವರ್ಷದ ದುಡಿತ. ನಿಮ್ಮ ಹುಡುಗ ಓಡಿಹೋಗುವ ಪ್ರಸಂಗಕ್ಕೆ ಇದು ಬೇಕೇಬೇಕು.

ಹುದ್ದೆಯ ವಿಷಯ ಬೇಗ ಮುಗಿಸುತ್ತೇವೆ. ಹುದ್ದೆ ಆಸ್ತಿಯಲ್ಲ, ಮಗನಿಗೆ ಇಳಿಯದು. ತಂದೆಯ ದರ್ಜೆಯ ಬಲದಿಂದ ಸೇವೆಗೆ ಸೇರುವ ಸವಲತ್ತು ಐದನೇ ಮತ್ತು ಅದಕ್ಕೂ ಮೇಲಿನ ದರ್ಜೆಯವರ ಮಕ್ಕಳಿಗೆ (ಒಂದನೆಯದೇ ಎಲ್ಲಕ್ಕಿಂತ ಮೇಲಿನ ದರ್ಜೆ). ರಾಜಧಾನಿಯ ಜಿಲ್ಲೆಗಳನ್ನು ಬಿಟ್ಟರೆ ಜಿಲ್ಲಾಧಿಕಾರಿಗಳು ಆರನೇ, ಏಳನೇ ದರ್ಜೆಯವರು. ನಿಮ್ಮ ಹುಡುಗನನ್ನು ಪರೀಕ್ಷೆಗೆ ಕೂರಿಸಿ.

ಕೊನೆಯ ದೃಶ್ಯವನ್ನು ಮಾತ್ರ ದಯವಿಟ್ಟು ಹೊಸದಾಗಿ ಬರೆಯಿರಿ. ಹೆತ್ತ ತಂದೆ ಸತ್ತಾಗ ನೀವು ಹುಡುಗನಿಗೆ ಮೂರು ವರ್ಷದ ಸೂತಕ ಹಿಡಿಸಿದ್ದೀರಿ. ಆ ಸೂತಕ (ಲೆಕ್ಕದಲ್ಲಿ 27 ತಿಂಗಳು) ಸಾಕಿದ ತಂದೆಗೆ ಸಲ್ಲತಕ್ಕದ್ದು. ಹೆತ್ತವನಿಗೆ ಸೂತಕದ ಉಡುಪು ಒಂದೇ ವರ್ಷ. ಆದರೆ ತಾಂಗ್ ನಿಯಮ ಅಲ್ಲಿಗೆ ನಿಲ್ಲುವುದಿಲ್ಲ: ಅಧಿಕಾರಿಯಾಗಿದ್ದರೆ ಹುದ್ದೆ ಬಿಟ್ಟು, ಉಡುಪು ಕಳಚಿದ ಮೇಲೂ ‘ಮನಸ್ಸಿನ ಸೂತಕ’ ಆಚರಿಸಬೇಕಿತ್ತು. ಹೊರಗಿನ ಲೆಕ್ಕ ಮುಗಿದರೂ ಒಳಗಿನದು ಮುಗಿಯದು ಎಂಬುದನ್ನು ರಾಜ್ಯವೇ ಒಪ್ಪಿಕೊಂಡಿತ್ತು. ನೀವು ಹುಡುಗನನ್ನು ಹತ್ತು ಪುಟ ಅಳುವಂತೆ ಮಾಡಿ ಹೇಳಲು ಹೊರಟದ್ದು ಇದನ್ನೇ.

ತಂಗಿಯ ಬದಲು ಅಣ್ಣನನ್ನು ತಂದು ತಿದ್ದಿ ಕಳಿಸಿ. ಜೊತೆಗೆ ವಂಶವೃಕ್ಷದ ಹಾಳೆಯೂ ಇರಲಿ, ನಾಲ್ಕು ತಲೆಮಾರಿನದು ಸಾಕು.