ಝಡ್4 ಬೇಡ, ಅಬಾರ್ತ್ ಪುಂಟೊ ನೋಡಿ

ಮನೆಬಳಕೆಗೆ ಒಂದು ಕಾರಿದೆ, ಭಾನುವಾರದ ಖುಷಿಗೆ ಮಂಗಳೂರಿನಲ್ಲಿ ಮಾರಾಟಕ್ಕಿರುವ ಹಳೆಯ ಬಿಎಂಡಬ್ಲ್ಯು ಝಡ್4 ಕೊಳ್ಳಲೇ, ಫಿಯೆಟ್ ಅಬಾರ್ತ್ ಪುಂಟೊ ಕೊಳ್ಳಲೇ ಎಂದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಕೇಳಿದ್ದೀರಿ. ನನ್ನ ಮತ ಪುಂಟೊಗೆ.

ಝಡ್4 ಚೆಲುವಾದ ಕಾರು, ಎರಡು ಮಾತಿಲ್ಲ. ಆದರೆ ಅದರ ತಳ ನೆಲಕ್ಕೆ ತೀರ ಹತ್ತಿರ. ಮನೆ ಅಡಿಕೆ ತೋಟದೊಳಗಿದ್ದರೆ ಡಾಂಬರು ರಸ್ತೆಗೆ ಬರುವ ಮೊದಲೇ ಉಜ್ಜುತ್ತದೆ. ಮಡಚುವ ಚಾವಣಿಯ ನೀರು ಹರಿಯುವ ಕೊಳವೆಗಳಲ್ಲಿ ತರಗೆಲೆ ಕಟ್ಟಿಕೊಂಡರೆ ಆಟಿ ತಿಂಗಳ ಮಳೆ ನೇರವಾಗಿ ಕಾರಿನೊಳಗೆ.

ಪುಂಟೊದ್ದು 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 145 ಅಶ್ವಶಕ್ತಿ, ಕೈಯಿಂದ ಬದಲಿಸುವ ಐದು ಗೇರು, ನಾಲ್ಕೂ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಪಾಣತ್ತೂರಿನ ಕಡೆಯ ತಿರುವುಗಳಲ್ಲಿ ಎರಡನೆಯ, ಮೂರನೆಯ ಗೇರಿನಲ್ಲಿ ಅದನ್ನು ಏರಿಸುವ ಸುಖವೇ ಬೇರೆ! ಫಿಯೆಟ್ ಈಗ ಭಾರತದಲ್ಲಿ ಹೊಸ ಕಾರು ಮಾರುತ್ತಿಲ್ಲ, ಬಿಡಿಭಾಗಗಳನ್ನು ಹುಡುಕಬೇಕಾಗುತ್ತದೆ. ಆದ್ದರಿಂದ ಕಾರಿಗಿಂತ ಮೊದಲು ಅದನ್ನು ಬಲ್ಲ ಮೆಕ್ಯಾನಿಕ್‌ನನ್ನು ಹುಡುಕಿ.

ಎಂಜಿನ್ ಪೂರ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ ನೋಡಿ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ ಎಂದರ್ಥ, ಅಲ್ಲಿಂದ ಹೊರಟುಬಿಡಿ. ಕಡಲತೀರದ ಕಾರಾದ್ದರಿಂದ ಮೇಲೆತ್ತಿಸಿ ತಳದ ತುಕ್ಕು ನೋಡಲೇಬೇಕು. ಟೈರಿನ ಬದಿಯ ನಾಲ್ಕು ಅಂಕಿಗಳಲ್ಲಿ ತಯಾರಾದ ವಾರ ಮತ್ತು ವರ್ಷ ಇರುತ್ತದೆ. ಕಡಿಮೆ ಓಡಿದ ಕಾರುಗಳಲ್ಲಿ ಟೈರು ಸವೆಯದೆಯೇ ಮುದಿಯಾಗಿರುತ್ತದೆ.

ಇನ್ನು ಕಾಗದಪತ್ರ. ಕರ್ನಾಟಕದ ಕಾರನ್ನು ಕಾಸರಗೋಡಿನಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕೆಎಲ್ 14 ನೋಂದಣಿ ಮಾಡಿಸಬೇಕು. ಅದಕ್ಕೆ ಮಂಗಳೂರಿನ ನಿರಾಕ್ಷೇಪಣಾ ಪತ್ರ ಬೇಕು, ಕೇರಳದ ತೆರಿಗೆಯನ್ನೂ ಕಟ್ಟಬೇಕು. ಆ ತೆರಿಗೆ ಎಷ್ಟಾಗುತ್ತದೆ ಎಂದು ಮುಂಗಡ ಕೊಡುವ ಮೊದಲೇ ಕಾಸರಗೋಡಿನ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು, ಅದನ್ನು ಸೇರಿಸಿಯೇ ಚೌಕಾಸಿಗೆ ಕುಳಿತುಕೊಳ್ಳಿ.