ಇನ್‌ಸ್ಟಾಗ್ರಾಮ್‌ನಲ್ಲಿ ಪರಿಚಯವಾದವನು ಮಗಳ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದಾನೆ. ಮೊದಲು ಏನು ಮಾಡಬೇಕು?

ತಕ್ಷಣ ಬ್ಲಾಕ್ ಮಾಡಬೇಡಿ, ಚಾಟ್ ಅಳಿಸಲೂಬೇಡಿ. ಕಳಿಸಿದ ಮೆಸೇಜುಗಳನ್ನು ಅವನು ವಾಪಸ್ ತೆಗೆಯಬಲ್ಲ, ಯೂಸರ್‌ನೇಮ್ ಬದಲಿಸಬಲ್ಲ. ಆದ್ದರಿಂದ ಮೊದಲು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಪ್ರೊಫೈಲ್ ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಆಮೇಲೆ ರಿಪೋರ್ಟ್, ಬ್ಲಾಕ್. ಮಗಳ ಫೋಟೋವನ್ನು ಮಾತ್ರ ‘ಸಾಕ್ಷಿ’ ಅಂತ ಯಾರಿಗೂ ಫಾರ್ವರ್ಡ್ ಮಾಡಬೇಡಿ, ಪೊಲೀಸರಿಗೆ ಫೋನನ್ನೇ ತೋರಿಸಿ. ದುಡ್ಡು ಕೊಟ್ಟರೆ ಸಾಮಾನ್ಯವಾಗಿ ಬೇಡಿಕೆ ಏರುತ್ತದೆಯೇ ಹೊರತು ನಿಲ್ಲುವುದಿಲ್ಲ. ಮಗಳನ್ನು ಬೈಯಬೇಡಿ (ಅವನು ನಂಬಿಕೊಂಡಿರುವುದೇ ಆ ಭಯವನ್ನು).

ದೂರಿಗೆ ಹತ್ತಿರದ ಪೊಲೀಸ್ ಠಾಣೆ ಅಥವಾ ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ಮಕ್ಕಳ ಅಶ್ಲೀಲ ಚಿತ್ರಗಳ ಬಗ್ಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಫೋಟೋ ಹರಡದಂತೆ ತಡೆಯಲು ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ: ಚಿತ್ರ ನಿಮ್ಮ ಫೋನಿನಲ್ಲೇ ಉಳಿಯುತ್ತದೆ, ಅದರ ಡಿಜಿಟಲ್ ಬೆರಳಚ್ಚು (ಚಿತ್ರವನ್ನು ಗುರುತಿಸುವ ಸಂಕೇತ) ಮಾತ್ರ ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳಿಗೆ ಹೋಗುತ್ತದೆ. ವಾಟ್ಸಾಪ್‌ನ ಖಾಸಗಿ ಚಾಟ್‌ಗಳಲ್ಲಿ ಇದು ಕೆಲಸ ಮಾಡದು.