ಕೆಳಗಿನ ಲೀಗಿನಲ್ಲಿ ಹುಲಿ, ಮೇಲಿನ ಲೀಗಿನಲ್ಲಿ ಸೊನ್ನೆ: ಏಕೆ ಹೀಗೆ?

ಪ್ರಶ್ನೆ: ನಾನು ಬ್ರಿಟನ್ನಿನ ಸ್ಪೀಡ್‌ವೇ ಲೀಗುಗಳನ್ನು ತಪ್ಪದೆ ನೋಡುತ್ತೇನೆ. ಎರಡನೇ ದರ್ಜೆಯ ಚಾಂಪಿಯನ್‌ಶಿಪ್‌ನಲ್ಲಿ ಒಬ್ಬ ಹುಡುಗ ಇದ್ದಾನೆ, ಹತ್ತೊಂಬತ್ತು ವಯಸ್ಸು. ಅಲ್ಲಿ ಅವನದೇ ಹವಾ. ಈ ವರ್ಷ ಮೇಲಿನ ಪ್ರೀಮಿಯರ್‌ಶಿಪ್‌ನ ತಂಡವೊಂದು ಅವನನ್ನು ತೆಗೆದುಕೊಂಡಿತು. ಅಂದಿನಿಂದ ಬರೀ ಸೊನ್ನೆ, ಅಪ್ಪಿತಪ್ಪಿ ಒಂದು ಪಾಯಿಂಟು. ವಿಚಿತ್ರ ಏನೆಂದರೆ ಅದೇ ವಾರ ಕೆಳಗಿನ ಲೀಗಿನಲ್ಲಿ ಗೆದ್ದು ಬರುತ್ತಾನೆ. ಅವನಿಗೆ ಏನಾಗಿದೆ? ಅವಸರಪಟ್ಟು ಮೇಲೆ ಕಳಿಸಿದರಾ?

ಉತ್ತರ: ಅವನಿಗೆ ಏನೂ ಆಗಿಲ್ಲ. ಅವಸರವೂ ಆಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅದೇ ವಾರ ಕೆಳಗೆ ಗೆಲ್ಲುತ್ತಾನೆ ಅಂತ ನೀವೇ ಬರೆದಿದ್ದೀರಲ್ಲ, ಉತ್ತರ ಅರ್ಧ ಅಲ್ಲೇ ಇದೆ.

ಈ ಆಟ ನೋಡದವರಿಗೆ ಮೊದಲು ಎರಡು ಮಾತು. 500 ಸಿಸಿಯ ಒಂಟಿ ಸಿಲಿಂಡರ್ ಬೈಕು, ಓಡುವುದು ಮೆಥನಾಲ್‌ನಲ್ಲಿ, ಗೇರು ಒಂದೇ, ಬ್ರೇಕ್ ಇಲ್ಲವೇ ಇಲ್ಲ. ಅಂಡಾಕಾರದ ಮಣ್ಣಿನ ಟ್ರ್ಯಾಕ್. ಒಂದು ಹೀಟಿಗೆ, ಅಂದರೆ ಒಂದು ಓಟಕ್ಕೆ, ನಾಲ್ವರು, ತಂಡಕ್ಕೆ ಇಬ್ಬರಂತೆ. ನಾಲ್ಕು ಸುತ್ತು, ತಿರುಗುವುದೆಲ್ಲ ಎಡಕ್ಕೇ, ಸುಮಾರು ಒಂದು ನಿಮಿಷದಲ್ಲಿ ಕಥೆ ಮುಗಿಯಿತು. ಗೆದ್ದವರಿಗೆ 3, ನಂತರದವರಿಗೆ 2 ಮತ್ತು 1, ಕೊನೆಯವರಿಗೆ ಸೊನ್ನೆ. ಲೀಗ್ ಪಂದ್ಯ ಅಂದರೆ ಇಂಥ 15 ಹೀಟು, ಒಟ್ಟು 90 ಪಾಯಿಂಟು.

ಈಗ ನಿಮ್ಮ ಹುಡುಗನ ವಿಷಯ. ಸ್ಪೀಡ್‌ವೇಯಲ್ಲಿ ಬಹಳಷ್ಟು ಹೀಟುಗಳ ತೀರ್ಮಾನ ಮೊದಲ ತಿರುವು ಮುಗಿಯುವಷ್ಟರಲ್ಲಿ ಆಗಿಬಿಟ್ಟಿರುತ್ತದೆ. ಸ್ಟಾರ್ಟಿಗೆ ಬರುವಾಗ ರೈಡರ್‌ಗಳು ಏನು ಮಾಡುತ್ತಾರೆ, ಒಮ್ಮೆ ಗಮನಿಸಿ. ತಮ್ಮ ಗೇಟಿನ, ಅಂದರೆ ತಾವು ಹೊರಡುವ ಜಾಗದ, ಮಣ್ಣನ್ನು ಬೂಟಿನಲ್ಲಿ ಕೆದರುತ್ತಾರೆ, ಸಡಿಲ ಮಣ್ಣನ್ನು ಆಚೆ ತಳ್ಳುತ್ತಾರೆ, ಹಿಂದಿನ ಚಕ್ರ ಕೂರುವ ಜಾಗವನ್ನು ತುಳಿದು ಗಟ್ಟಿ ಮಾಡುತ್ತಾರೆ. ಅದು ಸುಮ್ನೆ ಅಭ್ಯಾಸಬಲ ಅಂದುಕೊಳ್ಳಬೇಡಿ. ಅಂಗೈಯಗಲದ ಆ ಜಾಗದಲ್ಲಿ ಟೈರಿಗೆ ಹಿಡಿತ ಸಿಕ್ಕಿತೋ ಇಲ್ಲವೋ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿರುತ್ತದೆ. ಆಮೇಲೆ ಮೈಯನ್ನು ಹ್ಯಾಂಡಲ್ ಮೇಲೆ ಬಾಗಿಸಿ, ಥ್ರಾಟಲ್ ತಿರುಗಿಸಿ ಹಿಡಿದು, ಮುಂದೆ ಅಡ್ಡ ಕಟ್ಟಿದ ಸ್ಟಾರ್ಟಿನ ಟೇಪ್ ಮೇಲೇ ಕಣ್ಣಿಟ್ಟು ಕಾಯುವುದು. ಟೇಪ್ ಎದ್ದ ಗಳಿಗೆಗೆ ಕ್ಲಚ್ ಬಿಡಬೇಕು. ಚೂರು ಬೇಗ ಬಿಟ್ಟು ಟೇಪ್ ಮುಟ್ಟಿದರೆ ಆ ಹೀಟಿನಿಂದ ಔಟ್, ಅಥವಾ ಬ್ರಿಟನ್ನಿನ ನಿಯಮದಂತೆ 15 ಮೀಟರ್ ಹಿಂದಿನಿಂದ ಹೊರಡಬೇಕು. ಚೂರು ತಡವಾಗಿ ಬಿಟ್ಟರೆ ಮುಂದೆ ಮೂರು ಬೆನ್ನು ಕಾಣುತ್ತವೆ. ಕ್ಲಚ್ಚನ್ನು ಒರಟಾಗಿ ಬಿಟ್ಟರೆ ಮುಂಚಕ್ರ ಮೇಲೇಳುತ್ತದೆ, ಅದನ್ನು ಕೆಳಗಿಳಿಸಲು ಥ್ರಾಟಲ್ ಕಡಿಮೆ ಮಾಡಬೇಕು, ಅಷ್ಟರಲ್ಲಿ ಪಕ್ಕದವರು ಹೋಗಿಯಾಗಿರುತ್ತದೆ.

ಕೆಳಗಿನ ಲೀಗಿನಲ್ಲಿ ಸ್ಟಾರ್ಟ್ ಸ್ವಲ್ಪ ಕೆಟ್ಟರೂ ನಡೆಯುತ್ತದೆ. ಅಲ್ಲಿ ಹೀಟಿನ ಉಳಿದ ಮೂವರಲ್ಲಿ ಒಬ್ಬರೋ ಇಬ್ಬರೋ ಎಲ್ಲಾದರೂ ತಪ್ಪು ಮಾಡುತ್ತಾರೆ, ತಿರುವಿನಲ್ಲಿ ಹೊರಗೆ ಹರಿದುಹೋಗುತ್ತಾರೆ, ಒಳಗೆ ಜಾಗ ಬಿಡುತ್ತಾರೆ. ವೇಗ ಇರುವ ಹುಡುಗ ಎರಡನೇ ಸುತ್ತಿಗೆ ಆ ಜಾಗದಲ್ಲಿ ನುಗ್ಗಿ ಮುಂದೆ ಬರುತ್ತಾನೆ. ನಿಮ್ಮ ಹುಡುಗ ಇಷ್ಟು ದಿನ ಗೆದ್ದದ್ದು ಬಹುಶಃ ಹೀಗೇ. ಪ್ರೀಮಿಯರ್‌ಶಿಪ್‌ನಲ್ಲಿ ಆ ಜಾಗ ಸಿಗುವುದಿಲ್ಲ. ಅಲ್ಲಿಯವರು ಮೊದಲ ತಿರುವಿಗೆ ಬರುವಾಗಲೇ ಪಕ್ಕದವನನ್ನು ಬೇಲಿಯ ಕಡೆಗೆ ನೂಕುವ ಹಾಗೆ ಸಾಲು ಹಿಡಿಯುತ್ತಾರೆ. ಅದು ಕಾನೂನಿನೊಳಗಿನ ಕೆಲಸವೇ. ಇವನಿಗೆ ಯೋಚಿಸಲು ಸಮಯವಿಲ್ಲ, ಥ್ರಾಟಲ್ ಒಂದು ಕೂದಲೆಳೆ ಕಡಿಮೆ ಮಾಡಿದರೆ ನಾಲ್ಕನೇ ಸ್ಥಾನ ಗ್ಯಾರಂಟಿ.

ನಾಲ್ಕನೆಯವನ ಪಾಡು ಟಿವಿಯಲ್ಲಿ ಗೊತ್ತಾಗುವುದಿಲ್ಲ. ಮುಂದಿನ ಮೂರು ಬೈಕುಗಳ ಹಿಂಚಕ್ರ ಎರಚುವ ಮಣ್ಣೆಲ್ಲ ಮುಖಕ್ಕೇ. ಗಾಗಲ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಕೊಳೆಯಾದರೆ ಕಿತ್ತು ಎಸೆಯುತ್ತಾರೆ. ಆದರೆ ಕೀಳಲು ಹ್ಯಾಂಡಲ್‌ನಿಂದ ಒಂದು ಕೈ ತೆಗೆಯಬೇಕು, ಅದಕ್ಕೆ ನೇರ ದಾರಿ ಬರುವವರೆಗೆ ಕಾಯಬೇಕು. ಕಾಣದೆ ಇರುವವನು ಸ್ವಲ್ಪ ನಿಧಾನ ಆಗುತ್ತಾನೆ, ನಿಧಾನವಾದಷ್ಟೂ ಅಂತರ ಹೆಚ್ಚುತ್ತದೆ. ಸ್ಕೋರ್ ಶೀಟಿನಲ್ಲಿ ಬರೀ 0 ಅಂತ ಬರುತ್ತದೆ. ಒಂದೂವರೆ ಮೀಟರಿನಿಂದ ಸೋತ ಸೊನ್ನೆಗೂ ಅರ್ಧ ಸುತ್ತು ಹಿಂದೆ ಬಿದ್ದ ಸೊನ್ನೆಗೂ ಅಲ್ಲಿ ವ್ಯತ್ಯಾಸವಿಲ್ಲ. ಹಾಗಾಗಿ ಬರೀ ಸ್ಕೋರ್ ನೋಡಿ ತೀರ್ಪು ಕೊಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಇನ್ನೊಂದು ವಿಷಯ, ಇದು ಪಿಟ್‌ನಲ್ಲಿ, ಅಂದರೆ ಬೈಕು ಸಿದ್ಧ ಮಾಡುವ ಜಾಗದಲ್ಲಿ, ನಡೆಯುವಂಥದ್ದು. ಸೋತ ಹುಡುಗ ಬೈಕಿನ ಮೇಲೆ ಅನುಮಾನ ಪಡಲು ಶುರು ಮಾಡುತ್ತಾನೆ. ಮೊದಲ ಹೀಟ್ ಸೋತ ಕೂಡಲೇ ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಬದಲಾಯಿಸು ಅನ್ನುತ್ತಾನೆ, ಎರಡನೆಯದು ಸೋತರೆ ಕಾರ್ಬ್ಯುರೇಟರ್ ಜೆಟ್, ಮೂರನೆಯದಕ್ಕೆ ಕ್ಲಚ್ ಸ್ಪ್ರಿಂಗ್, ನಾಲ್ಕನೆಯದಕ್ಕೆ ಎಂಜಿನ್ನೇ ಬೇರೆ. ಇತ್ತ ಟ್ರ್ಯಾಕ್ ಕೂಡ ಸುಮ್ಮನೆ ಇರುವುದಿಲ್ಲ. ಟ್ರ್ಯಾಕ್ಟರ್ ಬಂದು ಹರವುತ್ತದೆ, ನೀರು ಹಾಕುತ್ತಾರೆ, ಮತ್ತೆ ಒಣಗುತ್ತದೆ, ಸಡಿಲ ಮಣ್ಣು ಬೇಲಿಯ ಕಡೆಗೆ ಸರಿಯುತ್ತದೆ. ಎಲ್ಲವೂ ಒಟ್ಟಿಗೆ ಬದಲಾದ ಮೇಲೆ ಯಾವುದರಿಂದ ಏನಾಯ್ತು ಅಂತ ಯಾರಿಗೂ ಹೇಳಲಾಗದು. ಅನುಭವಿ ಮೆಕ್ಯಾನಿಕ್ ಜೊತೆಗಿದ್ದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಅಂತ ಪಟ್ಟು ಹಿಡಿಯುತ್ತಾನೆ. ಮೇಲಿನ ಲೀಗಿಗೆ ಹೋಗುವ ಹುಡುಗನಿಗೆ ಹೊಸ ಎಂಜಿನ್‌ಗಿಂತ ಇಂಥ ಮನುಷ್ಯ ಮುಖ್ಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಧೈರ್ಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬ್ರಿಟನ್ನಿನ ತೈ ವಾಫಿಂಡನ್ 2010ರಲ್ಲಿ, ಇನ್ನೂ ಹತ್ತೊಂಬತ್ತರಲ್ಲಿದ್ದಾಗ, ವಿಶ್ವ ಚಾಂಪಿಯನ್‌ಶಿಪ್ ಆಗಿರುವ ಗ್ರ್ಯಾಂಡ್ ಪ್ರಿ ಸರಣಿಗೆ ಕಾಲಿಟ್ಟರು. ಪಟ್ಟಿಯ ತಳಭಾಗದಲ್ಲಿ ಮುಗಿಸಿದರು, ಮುಂದಿನ ವರ್ಷಕ್ಕೆ ಜಾಗ ಉಳಿಯಲಿಲ್ಲ. ಆಗ ಬರೆದವರಲ್ಲಿ ಎಷ್ಟೋ ಜನ ಹುಡುಗನಿಗೆ ಇದು ಜಾಸ್ತಿಯಾಯ್ತು ಅಂದರು. 2013ರಲ್ಲಿ ಮರಳಿ ಬಂದು ಅದೇ ವರ್ಷ ವಿಶ್ವ ಚಾಂಪಿಯನ್ ಆದರು, ಆಮೇಲೆ 2015 ಮತ್ತು 2018ರಲ್ಲಿ ಮತ್ತೆರಡು ಸಲ.

ಪ್ರಶ್ನೆ: ರಿಸರ್ವ್ ಅಂತ ಹೆಸರಿದ್ದರೂ ಈ ಹುಡುಗರು ಪ್ರತಿ ಪಂದ್ಯದಲ್ಲೂ ಓಡಿಸುತ್ತಾರಲ್ಲ, ಅದು ಹೇಗೆ?

ಉತ್ತರ: ಬೇರೆ ಆಟಗಳ ಹಾಗೆ ಇಲ್ಲಿ ರಿಸರ್ವ್ ಅಂದರೆ ಬೆಂಚಿನಲ್ಲಿ ಕೂರುವವನಲ್ಲ. ಏಳು ಜನರ ತಂಡದಲ್ಲಿ 6 ಮತ್ತು 7ನೇ ನಂಬರಿನವರು ಅವರು. ಹೀಟ್ 2 ಎರಡೂ ತಂಡದ ರಿಸರ್ವ್‌ಗಳ ನಡುವೆಯೇ ನಡೆಯುತ್ತದೆ, ಉಳಿದ ಕೆಲವು ಹೀಟುಗಳಲ್ಲಿ ದೊಡ್ಡವರ ಜೊತೆ ಇಳಿಯುತ್ತಾರೆ, ತಂಡದಲ್ಲಿ ಯಾರಾದರೂ ಬಿದ್ದರೆ ಅಥವಾ ಫಾರ್ಮ್ ಇಲ್ಲದಿದ್ದರೆ ಅವರ ಬದಲಿಗೂ ಇವರೇ.

ಪ್ರಶ್ನೆ: ಪೋಲೆಂಡಿನಲ್ಲಿ ಪ್ರತಿ ತಂಡದಲ್ಲೂ ಚಿಕ್ಕ ಹುಡುಗರು ಇದ್ದೇ ಇರುತ್ತಾರೆ. ಗೆಲ್ಲಬೇಕಾದ ಲೀಗಿನಲ್ಲಿ ಇದೇಕೆ?

ಉತ್ತರ: ನಿಯಮವೇ ಹಾಗಿದೆ, ಮತ್ತು ನನಗೆ ತುಂಬಾ ಇಷ್ಟವಾದ ನಿಯಮ ಅದು. ಪೋಲೆಂಡಿನ ಎಕ್ಸ್‌ಟ್ರಾಲಿಗಾ ಜಗತ್ತಿನ ಅತಿ ಗಟ್ಟಿ ಸ್ಪೀಡ್‌ವೇ ಲೀಗು, ಎಂಟು ತಂಡ. ಅಲ್ಲಿ ತಂಡದಲ್ಲಿ 21ರೊಳಗಿನ ಪೋಲೆಂಡಿನ ಹುಡುಗರಿಗೆ ಜಾಗ ಮೀಸಲು. ಹೀಟ್ 2 ಜೂನಿಯರ್‌ಗಳದ್ದು. ದೊಡ್ಡ ದುಡ್ಡು ಕೊಟ್ಟು ಆಸ್ಟ್ರೇಲಿಯಾದಿಂದಲೋ ಡೆನ್ಮಾರ್ಕಿನಿಂದಲೋ ತಾರೆಯರನ್ನು ತರಬಹುದು, ಆದರೆ ಆ ಜಾಗಕ್ಕೆ ತರುವಂತಿಲ್ಲ. ಜೂನಿಯರ್‌ಗಳು ಸೋತರೆ ಪಂದ್ಯವೇ ಹೋದೀತು ಅನ್ನೋ ಭಯದಿಂದ ಕ್ಲಬ್ಬುಗಳು ಚಿಕ್ಕಂದಿನಿಂದಲೇ ಮಕ್ಕಳನ್ನು ತಯಾರು ಮಾಡುತ್ತವೆ, ಅವರಿಗೆ ಬೈಕು, ಟ್ರ್ಯಾಕು, ಕೋಚ್ ಎಲ್ಲ ಒದಗಿಸುತ್ತವೆ.

ಪೋಲೆಂಡಿನ ರೈಡರ್ ಬಾರ್ತೋಷ್ ಜ್ಮಾರ್ಜ್ಲಿಕ್ ಈ ದಾರಿಯಲ್ಲೇ ಬಂದವರು. ಗೊಝುಫ್ ಕ್ಲಬ್ಬಿನ ಹುಡುಗ, ಹದಿನಾರು ತುಂಬಿದ ವರ್ಷ, 2011ರಲ್ಲಿ ಲೀಗಿಗೆ ಬಂದರು. 2014ರಲ್ಲಿ ಹತ್ತೊಂಬತ್ತರ ವಯಸ್ಸಿಗೆ ತಮ್ಮದೇ ಊರಿನ ಗ್ರ್ಯಾಂಡ್ ಪ್ರಿಯಲ್ಲಿ ವೈಲ್ಡ್ ಕಾರ್ಡ್ ಆಗಿ, ಅಂದರೆ ಆ ಒಂದು ಸ್ಪರ್ಧೆಗೆ ಮಾತ್ರ ಕರೆ ಬಂದು, ಇಳಿದು ಗೆದ್ದೇಬಿಟ್ಟರು. ಮೊದಲ ವಿಶ್ವ ಪ್ರಶಸ್ತಿ ಬಂದದ್ದು ಮಾತ್ರ 2019ರಲ್ಲಿ. 2025ರ ಹೊತ್ತಿಗೆ ಆರು ಪ್ರಶಸ್ತಿ ಆಗಿ, ಹಿಂದೆ ಆರಾರು ಸಲ ಗೆದ್ದಿದ್ದ ಐವನ್ ಮಾಗರ್, ತೋನಿ ರಿಕಾರ್ಡ್‌ಸನ್ ಸಾಲಿಗೆ ಬಂದು ನಿಂತರು. ಇಷ್ಟು ದೊಡ್ಡ ಪ್ರತಿಭೆಗೂ ಲೀಗಿನ ಮೊದಲ ದಿನದಿಂದ ಮೊದಲ ವಿಶ್ವ ಪ್ರಶಸ್ತಿಗೆ ಎಂಟು ವರ್ಷ ಹಿಡಿಯಿತು.

ಆ ವ್ಯವಸ್ಥೆಯಲ್ಲಿ ಒಂದು ಕಷ್ಟ ಇದೆ, ಅದನ್ನೂ ಹೇಳಬೇಕು. 21 ದಾಟಿದ ಕೂಡಲೇ ಮೀಸಲು ಜಾಗ ಹೋಗುತ್ತದೆ. ನಿನ್ನೆಯವರೆಗೆ ಬೇಕಾದ ಹುಡುಗ ಇಂದು ಜಗತ್ತಿನ ದೊಡ್ಡವರ ಜೊತೆ ಅದೇ ಜಾಗಕ್ಕೆ ಪೈಪೋಟಿ ಮಾಡಬೇಕು. ಎಷ್ಟೋ ಒಳ್ಳೆಯ ಜೂನಿಯರ್‌ಗಳು ಅಲ್ಲೇ ಕಳೆದುಹೋಗುತ್ತಾರೆ. ಇದಕ್ಕೇ ಈಚೆಗೆ 24ರೊಳಗಿನವರಿಗೂ ಒಂದು ಜಾಗ ಇಟ್ಟರು. ಒಳ್ಳೆಯ ಕೆಲಸ.

ಪ್ರಶ್ನೆ: ಬ್ರೇಕ್ ಇಲ್ಲದ ಬೈಕಿನಲ್ಲಿ ಹದಿನಾರರ ಮಕ್ಕಳು! ತಾಯಿಯಾಗಿ ನನಗೆ ನೋಡಲೂ ಆಗುವುದಿಲ್ಲ. ಇದನ್ನು ಹೇಗೆ ಒಪ್ಪುತ್ತೀರಿ?

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ ಅಮ್ಮಾ, ಅದನ್ನು ಕಡಿಮೆ ಮಾಡಿ ಹೇಳಲು ನಾನು ಹೋಗುವುದಿಲ್ಲ. 2015ರ ಆಗಸ್ಟಿನಲ್ಲಿ ಪೋಲೆಂಡಿನ ಝಿಯೆಲೊನಾ ಗುರಾದಲ್ಲಿ ಆಸ್ಟ್ರೇಲಿಯಾದ ಡಾರ್ಸಿ ವಾರ್ಡ್ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು, ಅಂದಿನಿಂದ ವೀಲ್‌ಚೇರ್. ಇಪ್ಪತ್ಮೂರು ವಯಸ್ಸು. ಎರಡು ಸಲ 21ರೊಳಗಿನವರ ವಿಶ್ವ ಚಾಂಪಿಯನ್ ಆಗಿದ್ದವರು. ಈ ಆಟವನ್ನು ಪ್ರೀತಿಸುವವರು ಇದನ್ನು ಮರೆತು ಮಾತಾಡಬಾರದು.

ಬ್ರೇಕ್ ಬಗ್ಗೆ ಮಾತ್ರ ಒಂದು ವಿವರ. ಇಲ್ಲಿ ಬ್ರೇಕ್ ಇಲ್ಲದಿರುವುದೇ ಸುರಕ್ಷತೆಗೆ. ನಾಲ್ವರೂ ಹಿಂಚಕ್ರವನ್ನು ಜಾರಿಸುತ್ತಾ ಒತ್ತಾಗಿ ಹೋಗುವಾಗ ಮುಂದಿನವನು ದಿಢೀರ್ ಬ್ರೇಕ್ ಒತ್ತಿದರೆ ಹಿಂದಿನವನು ಅವನ ಮೇಲೇ. ವೇಗ ಕಡಿಮೆ ಮಾಡುವುದು ಥ್ರಾಟಲ್‌ನಿಂದ, ಬೈಕನ್ನು ಅಡ್ಡ ಜಾರಿಸಿ. ಎಡಗಾಲಿನ ಬೂಟಿನ ಕೆಳಗೆ ಉಕ್ಕಿನ ತಟ್ಟೆ ಕಟ್ಟಿರುತ್ತಾರೆ, ತಿರುವಿನಲ್ಲಿ ಆ ಕಾಲು ನೆಲದ ಮೇಲೆ ಜಾರುತ್ತದೆ. ಮುಂದೆ ಯಾರಾದರೂ ಬಿದ್ದರೆ ಹಿಂದಿನವನು ಬೇಕೆಂದೇ ಬೈಕನ್ನು ನೆಲಕ್ಕೆ ಮಲಗಿಸುತ್ತಾನೆ. ಮಣಿಕಟ್ಟಿಗೆ ಕಟ್ಟಿದ ದಾರ ಕಿತ್ತುಬಂದು ಎಂಜಿನ್ ನಿಂತುಹೋಗುತ್ತದೆ. ತಿರುವುಗಳಲ್ಲಿ ಗಾಳಿ ತುಂಬಿದ ಬೇಲಿ ಇಡುತ್ತಾರೆ.

ಮಕ್ಕಳೂ ನೇರವಾಗಿ 500 ಸಿಸಿಗೆ ಬರುವುದಿಲ್ಲ. ಸಣ್ಣ ಎಂಜಿನ್, ಆಮೇಲೆ 250 ಸಿಸಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುತ್ತಾರೆ, ಅವರವರ ವಯಸ್ಸಿಗೆ ಬೇರೆ ಬೇರೆ ವಿಶ್ವ ಮಟ್ಟದ ಸ್ಪರ್ಧೆಗಳೂ ಇವೆ. ನನಗೆ ಜಾಸ್ತಿ ಭಯವಾಗುವುದು ಸುಸ್ತಿನ ವಿಷಯದಲ್ಲಿ. ಸ್ವೀಡನ್‌ನಲ್ಲಿ ಮಂಗಳವಾರ, ಡೆನ್ಮಾರ್ಕಿನಲ್ಲಿ ಬುಧವಾರ, ಪೋಲೆಂಡಿನಲ್ಲಿ ಶುಕ್ರವಾರ, ಭಾನುವಾರ ಪಂದ್ಯ ಇಡುವುದು ರೂಢಿ. ಮೂರು ದೇಶದ ಲೀಗಿಗೆ ಸಹಿ ಹಾಕಿದ ಹುಡುಗ ವಾರಪೂರ್ತಿ ವ್ಯಾನು, ವಿಮಾನ ಅಂತ ತಿರುಗುತ್ತಿರುತ್ತಾನೆ. ನಿದ್ದೆಗೆಟ್ಟ ಕಣ್ಣಿನಲ್ಲಿ ಮೊದಲ ತಿರುವಿಗೆ ಹೋಗಬಾರದು. ಯಾವ ತಂಡದ ಜೊತೆಯೂ ಒಪ್ಪಂದಕ್ಕೆ ಮುಂಚೆ ಮನೆಯವರು ಈ ವಿಷಯ ಜೋರಾಗಿಯೇ ಕೇಳಬೇಕು.

ಪ್ರಶ್ನೆ: ದುಡ್ಡು ಚೆನ್ನಾಗಿ ಸಿಗುತ್ತದಾ?

ಉತ್ತರ: ಪೋಲೆಂಡಿನ ಮೇಲಿನ ಲೀಗಿನ ತಾರೆಯರಿಗೆ ಖಂಡಿತ. ಹೊಸಬರಿಗೆ ಲೆಕ್ಕ ಬಿಗಿ. ಸಾಮಾನ್ಯವಾಗಿ ಸಹಿ ಹಾಕುವಾಗ ಒಂದಿಷ್ಟು, ಆಮೇಲೆ ಗಳಿಸಿದ ಪಾಯಿಂಟಿಗೆ ಇಷ್ಟು ಅಂತ ಕೊಡುತ್ತಾರೆ. ಬೈಕು, ಎಂಜಿನ್ ರಿಪೇರಿ, ಎಂಜಿನ್ ಹದ ಮಾಡಿಕೊಡುವ ಟ್ಯೂನರ್, ಮೆಕ್ಯಾನಿಕ್, ವ್ಯಾನು, ಎಲ್ಲದರ ಖರ್ಚು ಬಹುತೇಕ ರೈಡರ್‌ನದೇ. ಸೊನ್ನೆ ಬಂದ ರಾತ್ರಿ ಆದಾಯ ಇಲ್ಲ, ಖರ್ಚು ಅಷ್ಟೇ ಇದೆ. ಮೇಲಿನ ಲೀಗಿನಲ್ಲಿ ಮೊದಲ ವರ್ಷ ಹುಡುಗರು ಮನಸ್ಸು ಕೆಡಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಪ್ರಶ್ನೆ (ಮೊದಲ ಪ್ರಶ್ನೆ ಕೇಳಿದ ಓದುಗರದ್ದೇ): ಹಾಗಾದರೆ ನನ್ನ ಹುಡುಗ ಸುಧಾರಿಸುತ್ತಿದ್ದಾನಾ ಅಂತ ತಿಳಿಯುವುದು ಹೇಗೆ? ಅವನು ಕೆಳಗಿನ ಲೀಗ್ ಬಿಟ್ಟು ಇದಕ್ಕೇ ಗಮನ ಕೊಡಬೇಕಾ?

ಉತ್ತರ: ಪಾಯಿಂಟ್ ಬಿಟ್ಟು ಮೊದಲ ತಿರುವನ್ನು ನೋಡಿ. ಅಲ್ಲಿಗೆ ಹೋಗುವಾಗ ಪಕ್ಕದವನ ಮುಂಚಕ್ರದ ಸಮಕ್ಕೆ ಇದ್ದಾನಾ, ಇಲ್ಲಾ ಒಂದು ಬೈಕಿನಷ್ಟು ಹಿಂದಿದ್ದಾನಾ? ಹೊರಗಿನ ಗೇಟ್ ಸಿಕ್ಕ ದಿನವೂ ಸಮಕ್ಕೆ ಬರುತ್ತಿದ್ದರೆ ಸ್ಟಾರ್ಟ್ ಸರಿಯಾಗುತ್ತಿದೆ ಅಂತ ಅರ್ಥ. ಮೂರನೇ, ನಾಲ್ಕನೇ ಸುತ್ತಿನಲ್ಲೂ ಮುಂದಿನವನ ಹಿಂದೆಯೇ ಅಂಟಿಕೊಂಡಿದ್ದಾನಾ ನೋಡಿ. ಕೊನೆಯ ಸ್ಥಾನದಲ್ಲಿದ್ದೂ ಬೇರೆ ಬೇರೆ ಸಾಲು ಪ್ರಯತ್ನಿಸುವ ಹುಡುಗ ಕಲಿಯುತ್ತಿರುತ್ತಾನೆ. ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಟ್ರ್ಯಾಕಿನಂತೆ ತಿರುವು ಓರೆಯಾಗಿರುವ ಕಡೆ ಹೊರಸಾಲಿನಿಂದಲೂ ದಾಟಬಹುದು, ಅಂಥ ಟ್ರ್ಯಾಕಿನಲ್ಲಿ ಅವನ ನಿಜವಾದ ವೇಗ ಕಾಣುತ್ತದೆ. ಚಿಕ್ಕ, ಇಕ್ಕಟ್ಟಾದ ಟ್ರ್ಯಾಕಿನಲ್ಲಿ ಬಂದ ಸೊನ್ನೆಯನ್ನು ಅಷ್ಟಾಗಿ ಲೆಕ್ಕಕ್ಕೆ ಇಡಬೇಡಿ.

ಕೆಳಗಿನ ಲೀಗ್ ಖಂಡಿತ ಬಿಡಬಾರದು. ಬ್ರಿಟನ್ನಿನಲ್ಲಿ ಎರಡೂ ಲೀಗಿನಲ್ಲಿ ಓಡಿಸಲು ಅವಕಾಶ ಇರುವುದು ದೊಡ್ಡ ಅನುಕೂಲ. ಒಂದು ಕಡೆ ಮುಂದೆ ನಿಂತು ಹೀಟ್ ನಡೆಸುವುದು ಹೇಗೆ ಅಂತ ಮರೆಯದೆ ಇರುತ್ತಾನೆ, ಇನ್ನೊಂದು ಕಡೆ ಪೆಟ್ಟು ತಿಂದು ಕಲಿಯುತ್ತಾನೆ. ಒಟ್ಟಿಗೆ ಹೆಚ್ಚು ಹೀಟ್ ಸಿಗುತ್ತದೆ, ಈ ವಯಸ್ಸಿನಲ್ಲಿ ಅದೇ ಬೇಕಾದದ್ದು. ತಂಡದ ಮ್ಯಾನೇಜರ್ ಎರಡು ಸೊನ್ನೆ ಕಂಡ ಕೂಡಲೇ ಅವನನ್ನು ತೆಗೆದು ಬೇರೆಯವರನ್ನು ಇಳಿಸುತ್ತಿದ್ದಾರಾ ಅನ್ನೋದನ್ನೂ ಗಮನಿಸಿ. ಮೂರನೇ, ನಾಲ್ಕನೇ ಹೀಟಿಗೂ ಅವನನ್ನೇ ಕಳಿಸುವ ಮ್ಯಾನೇಜರ್ ಆಗಿದ್ದರೆ ಹುಡುಗ ಒಳ್ಳೆಯ ಜಾಗದಲ್ಲಿದ್ದಾನೆ. ಮುಂದಿನ ಸೀಸನ್ನಿನ ಮಧ್ಯದಲ್ಲಿ ಅವನು ಹೇಗಿದ್ದಾನೆ ಅಂತ ದಯವಿಟ್ಟು ಬರೆದು ತಿಳಿಸಿ, ನನಗೂ ಕುತೂಹಲ ಇದೆ.